ಅಪ್‌ಡೇಟ್: ಬಣ್ಣದ ಬಸ್ಸಿನ ಕುಟುಂಬದ ಹಾಡು ಸಿಕ್ಕಿತು!

ಹೋದ ವಾರ ಕೇಳಿದ್ದೆನಲ್ಲ, ಅಮೆರಿಕದಲ್ಲಿರುವ ದೊಡ್ಡಮ್ಮ ಚಿಕ್ಕಂದಿನಲ್ಲಿ ನಮಗೆ ಕೊಟ್ಟಿದ್ದ ಕ್ಯಾಸೆಟ್‌ನಲ್ಲಿ ಒಂದು ಖುಷಿಯ ಹಾಡಿತ್ತು, ಅಮ್ಮ ಮಕ್ಕಳು ಸೇರಿ ಬಣ್ಣದ ಬಸ್ಸಿನಲ್ಲಿ ಊರೂರು ಸುತ್ತಿ ಹಾಡುವ ಟಿವಿ ಕಥೆಯದ್ದಂತೆ, ಯಾವುದದು ಅಂತ. ಸಿಕ್ಕಿತು! 'ದಿ ಪಾರ್ಟ್ರಿಜ್ ಫ್ಯಾಮಿಲಿ'ಯ 'ಐ ಥಿಂಕ್ ಐ ಲವ್ ಯು'. ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

1970ರ ಹಾಡು, ಆಗ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3 ವಾರ ಮೊದಲ ಸ್ಥಾನದಲ್ಲಿತ್ತು. ಶುರುವಿನ ಆ 'ಬಾ ಬಾ ಬಾ' ಕೇಳುತ್ತಲೇ ಮೈ ಜುಮ್ಮೆಂದಿತು. ನಮ್ಮ ಕ್ಯಾಸೆಟ್ ಸರಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಪೆನ್ಸಿಲ್ ತೂರಿಸಿ ಟೇಪು ಸುತ್ತಿ ಮತ್ತೆ ಹಾಕಬೇಕಿತ್ತು. ನಡುವೆ ಟಿಣಿಟಿಣಿ ಅನ್ನುವುದು ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಹಳೇ ಕೀಲಿಮಣೆ ವಾದ್ಯ) ಅಂತೆ, ಇಷ್ಟು ವರ್ಷ ವೀಣೆಯಂಥದ್ದೇನೋ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಗೊತ್ತಾಯಿತು. ಪರದೆ ಮೇಲೆ ಮನೆಮಂದಿಯೆಲ್ಲ ಹಾಡಿದರೂ, ರೆಕಾರ್ಡಿನಲ್ಲಿ ನಟರ ಪೈಕಿ ಇರುವುದು ಡೇವಿಡ್ ಕ್ಯಾಸಿಡಿ, ಶರ್ಲಿ ಜೋನ್ಸ್ ಇಬ್ಬರ ದನಿ ಮಾತ್ರ. ಉಳಿದದ್ದೆಲ್ಲ ಸ್ಟುಡಿಯೋ ಕಲಾವಿದರದ್ದು. ಕಥೆಯಲ್ಲಿ ಡೇವಿಡ್‌ನ ಅಮ್ಮನಾಗಿದ್ದ ಶರ್ಲಿ ನಿಜ ಜೀವನದಲ್ಲೂ ಅವನ ಮಲತಾಯಿ! ಇದು ತಿಳಿದ ಮೇಲೆ ಹಾಡು ಇನ್ನೂ ಜಾಸ್ತಿ ಇಷ್ಟವಾಯಿತು.

ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ದೊಡ್ಡಮ್ಮನಿಗೆ ಹಾಕಿ ಕೇಳಿಸಿದೆ. ಒಂದು ನಿಮಿಷ ಸುಮ್ನೆ ಕೂತಿದ್ದರು, ಆಮೇಲೆ ಕಣ್ಣು ಮುಚ್ಚಿಕೊಂಡು ಪೂರ್ತಿ ಹಾಡಿದರು. ಒಂದು ಪದವೂ ಮರೆತಿರಲಿಲ್ಲ.