ಕಟ್ಟಡದ ಸೈಟಿನಲ್ಲಿ ಬೆಂಕಿ ನಿಯಮ: ಸಬ್ ಕಾಂಟ್ರಾಕ್ಟರ್‌ಗಳಿಂದ ಯಾವುದಕ್ಕೆಲ್ಲ ಸಹಿ ಹಾಕಿಸಬೇಕು?

ಪ್ರಶ್ನೆ: ಹನ್ನೆರಡು ಮಹಡಿಯ ಕಟ್ಟಡ. ಏಳನೇ ಸ್ಲ್ಯಾಬ್ ಮುಗಿದಿದೆ. ಕೆಳಗಿನ ಮಹಡಿಗಳಲ್ಲಿ ಪ್ಲಂಬಿಂಗ್, ಎಲೆಕ್ಟ್ರಿಕಲ್, ಫ್ಯಾಬ್ರಿಕೇಶನ್, ವಾಟರ್‌ಪ್ರೂಫಿಂಗ್ ತಂಡಗಳು ಒಟ್ಟಿಗೇ ಇಳಿಯಲಿವೆ. ಎಲ್ಲರೂ ಸಹಿ ಹಾಕಬೇಕಾದ ಬೆಂಕಿ ನಿಯಮಗಳನ್ನು ಬರೆಯುತ್ತಿದ್ದೇನೆ. ‘ಎಚ್ಚರಿಕೆ ವಹಿಸತಕ್ಕದ್ದು’ ಎಂಬಂಥ ಸಾಲು ಬೇಡ. ಎಷ್ಟು ದೂರ, ಎಷ್ಟು ಹೊತ್ತು, ಯಾರ ಹೊಣೆ ಎಂದು ಬೇಕು. ನೆಲದ ಮೇಲೆ ನಿಜವಾಗಿ ತಪ್ಪುವುದು ಎಲ್ಲಿ?

ಸುರಕ್ಷತಾ ಅಧಿಕಾರಿ: ಹಾಟ್ ವರ್ಕ್ ಪರ್ಮಿಟ್‌ನಿಂದ, ಅಂದರೆ ಕಿಡಿ, ಉರಿ ಬರುವ ಕೆಲಸಕ್ಕೆ ಕೊಡುವ ಲಿಖಿತ ಅನುಮತಿಯಿಂದ ಶುರು ಮಾಡಿ. ವೆಲ್ಡಿಂಗ್, ಗ್ಯಾಸ್ ಕಟಿಂಗ್‌ಗೆ ಮಾತ್ರ ಎಂದು ಬರೆದರೆ ಪಟ್ಟಿ ಸೋರುತ್ತದೆ. ಗ್ರೈಂಡರ್, ಕಟ್‌ಆಫ್ ಮೆಷೀನ್, ಬ್ಲೋ ಟಾರ್ಚ್, ಹೀಟ್ ಗನ್ ಎಲ್ಲವನ್ನೂ ಹೆಸರಿಸಿ. ‘ಐದೇ ನಿಮಿಷದ ಕೆಲಸ’ ಎಂದು ನುಣುಚಿಕೊಳ್ಳುವವರು ಬಹುಪಾಲು ಗ್ರೈಂಡರ್ ಹಿಡಿದವರೇ.

ಪರ್ಮಿಟ್ ಒಂದು ಜಾಗಕ್ಕೆ, ಒಂದು ಶಿಫ್ಟ್‌ಗೆ ಮಾತ್ರ. ಕೊಡುವವರು ಆ ಜಾಗಕ್ಕೆ ಹೋಗಿ ನೋಡಿಯೇ ಸಹಿ ಹಾಕಬೇಕು. ಬೆಳಿಗ್ಗೆ ಆಫೀಸಿನಲ್ಲಿ ಕೂತು ಹತ್ತು ಹಾಳೆಗೆ ಸಹಿ ಹಾಕಿಟ್ಟರೆ ಅದು ಪರ್ಮಿಟ್ ಅಲ್ಲ, ಬರೀ ಕಾಗದ. ಕಿಡಿ ಹಾರುವ ಜಾಗದಿಂದ ಸುತ್ತ 11 ಮೀಟರ್‌ವರೆಗೆ ಹತ್ತಿಕೊಳ್ಳುವ ವಸ್ತು ಇರಬಾರದು. ಸರಿಸಲಾಗದ್ದನ್ನು ವೆಲ್ಡಿಂಗ್ ಬ್ಲಾಂಕೆಟ್‌ನಿಂದ ಮುಚ್ಚಬೇಕು. ಮಾಮೂಲಿ ಟಾರ್ಪಾಲ್ ಹೊದಿಸುವುದು ಕಣ್ಣೊರೆಸುವ ಕೆಲಸ, ಅದೇ ಕರಗಿ ಹತ್ತಿಕೊಳ್ಳುತ್ತದೆ.

ಎಲ್ಲರೂ ಮರೆಯುವುದು ಕೆಳಗಿನ ಮಹಡಿಯನ್ನು. ಕರಗಿದ ಲೋಹದ ಹನಿ ಡಕ್ಟ್, ಪೈಪ್ ಸ್ಲೀವ್ (ಪೈಪ್ ಹಾಯಿಸಲು ಬಿಟ್ಟ ತೂತು), ಎಕ್ಸ್‌ಪಾನ್ಷನ್ ಜಾಯಿಂಟ್ (ಕಾಂಕ್ರೀಟ್ ಹಿಗ್ಗಲು ಬಿಟ್ಟ ಸಂದು) ಮೂಲಕ ಕೆಳಗಿಳಿದು ಇನ್ಯಾರೋ ಪೇರಿಸಿಟ್ಟ ಥರ್ಮೋಕೋಲ್ ಮೇಲೆ ಕೂರುತ್ತದೆ. 1996ರಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಆದದ್ದು ಇದೇ. ಮೇಲಿನ ರಸ್ತೆಯ ಎಕ್ಸ್‌ಪಾನ್ಷನ್ ಜಾಯಿಂಟ್‌ನಲ್ಲಿ ವೆಲ್ಡಿಂಗ್ ನಡೆಯುತ್ತಿತ್ತು, ಕೆಳಗಿನ ಸೀಲಿಂಗ್‌ನ ಪಾಲಿಸ್ಟೈರೀನ್ (ಥರ್ಮೋಕೋಲ್‌ನದೇ ವಸ್ತು) ಹತ್ತಿಕೊಂಡಿತು, 17 ಜನ ಸತ್ತರು. ಹಾಗಾಗಿ 11 ಮೀಟರ್ ಒಳಗಿನ ಪ್ರತಿ ತೂತನ್ನೂ ಮುಚ್ಚಬೇಕು, ಕೆಳಗಿನ ಮಹಡಿಯಲ್ಲೂ ಒಬ್ಬ ನಿಲ್ಲಬೇಕು ಎಂದು ಪ್ರತ್ಯೇಕ ಸಾಲು ಹಾಕಿ.

ಫೈರ್ ವಾಚ್‌ಗೆ, ಅಂದರೆ ಬೆಂಕಿ ಹತ್ತಿತೇ ಎಂದು ನೋಡುವ ಕಾವಲಿಗೆ, ಬೇರೆಯೇ ಆಳು ಬೇಕು. ವೆಲ್ಡರ್‌ನ ಹೆಲ್ಪರ್‌ಗೆ ಆ ಕೆಲಸ ಅಂಟಿಸಿದರೆ ಅವನು ರಾಡ್ ತರಲು ಹೋದಾಗ ಕಾವಲು ಇಲ್ಲ. ಹಾಟ್ ವರ್ಕ್‌ಗೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 51ಬಿ ಮಾನದಂಡ ಮೊದಲು ಕೆಲಸ ನಿಂತ ಮೇಲೆ 30 ನಿಮಿಷ ಕಾಯಿರಿ ಎನ್ನುತ್ತಿತ್ತು, 2019ರ ಆವೃತ್ತಿಯಲ್ಲಿ ಅದು 60 ಆಯಿತು. ಹೊಗೆಯಾಡುತ್ತಲೇ ಇರುವ ಮರದ ಹೊಟ್ಟಿಗೆ ಉರಿ ಬರಲು ಅರ್ಧ ಗಂಟೆ ಮೀರಬಹುದು. ಸಂಜೆ 6ಕ್ಕೆ ಸೈಟ್ ಖಾಲಿಯಾಗುವುದಾದರೆ ಕೊನೆಯ ಕಿಡಿ 5ಕ್ಕೇ ಆರಬೇಕು. ಊಟದ ಬಿಡುವಿಗೂ ಇದೇ ಲೆಕ್ಕ: ಎಲ್ಲರೂ ಊಟಕ್ಕೆ ಹೋದರೂ ಕಾವಲಿನವನು ಹೋಗುವಂತಿಲ್ಲ.

ಫ್ಯಾಬ್ರಿಕೇಶನ್ ಫೋರ್‌ಮನ್: ಸಿಲಿಂಡರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಸ್ಟೋರಿನಲ್ಲಿ ಆಕ್ಸಿಜನ್‌ಗೂ ಅಸಿಟಿಲೀನ್‌ಗೂ ನಡುವೆ 6 ಮೀಟರ್ ಅಂತರ, ಇಲ್ಲವೇ ಅರ್ಧ ಗಂಟೆ ಬೆಂಕಿ ತಡೆಯುವ 1.5 ಮೀಟರ್ ಎತ್ತರದ ಗೋಡೆ. ಎರಡನ್ನೂ ನಿಲ್ಲಿಸಿ ಚೈನ್ ಹಾಕಬೇಕು. ಅಸಿಟಿಲೀನ್ ಮಲಗಿಸಿ ಬಳಸಿದರೆ ಒಳಗೆ ಅನಿಲವನ್ನು ಕರಗಿಸಿಡುವ ಅಸಿಟೋನ್ ದ್ರವ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಒತ್ತಡ 1 ಬಾರ್ ಮೀರಿಸಬೇಡಿ, ಮೀರಿದರೆ ಅಸಿಟಿಲೀನ್ ತಾನಾಗಿಯೇ ಒಡೆದು ಸಿಡಿಯಬಹುದು. ಹರಿದ ಹೋಸ್‌ಗೆ ತಾಮ್ರದ ತುಂಡು ಪೈಪ್ ಸಿಕ್ಕಿಸುವ ಅಭ್ಯಾಸ ಕೆಲವರಿಗಿದೆ. ತಾಮ್ರದ ಜೊತೆ ಅಸಿಟಿಲೀನ್ ಸೇರಿ ಸಿಡಿಯುವ ಸಂಯುಕ್ತ ಆಗುತ್ತದೆ, ಕಂಡಲ್ಲಿ ಹೋಸ್ ಸಮೇತ ಎಸೆಯಿಸಿ. ಆಕ್ಸಿಜನ್ ಫಿಟ್ಟಿಂಗ್‌ಗೆ ಎಣ್ಣೆ, ಗ್ರೀಸ್ ಸೋಕಬಾರದು. ಫ್ಲ್ಯಾಷ್‌ಬ್ಯಾಕ್ ಅರೆಸ್ಟರ್ (ಜ್ವಾಲೆ ಹಿಂದಕ್ಕೆ ನುಗ್ಗದಂತೆ ತಡೆಯುವ ಸಾಧನ) ಎರಡೂ ಲೈನಿಗೆ ಬೇಕು. ಸೋರಿಕೆ ನೋಡಲು ಸೋಪಿನ ನೀರು, ಬೆಂಕಿಕಡ್ಡಿಯಲ್ಲ. ಕೆಲಸ ನಡೆಯುವಾಗ ವಾಲ್ವ್ ಕೀ ಸಿಲಿಂಡರ್ ಮೇಲೆಯೇ ಇರಲಿ.

ಎಲೆಕ್ಟ್ರಿಕ್ ವೆಲ್ಡಿಂಗ್‌ನಲ್ಲಿ ರಿಟರ್ನ್ ಕ್ಲ್ಯಾಂಪ್ (ಕರೆಂಟು ಮೆಷೀನಿಗೆ ಮರಳುವ ತಂತಿಯ ಹಿಡಿಕೆ) ನೋಡಿ. ದೂರದ ಕಂಬಿಗೆ ಕಚ್ಚಿಸಿದರೆ ಕರೆಂಟು ಸಡಿಲ ಜೋಡಣೆಗಳ ಮೂಲಕ ಹರಿದು, ಯಾರೂ ನೋಡದ ಕಡೆ ಕಬ್ಬಿಣ ಕಾಯುತ್ತದೆ. ಕ್ಲ್ಯಾಂಪ್ ಬೆಸೆಯುವ ತುಂಡಿಗೇ ಬೀಳಬೇಕು.

ಎಲೆಕ್ಟ್ರಿಕಲ್ ಸೂಪರ್‌ವೈಸರ್: ಕೇಬಲ್ ಡ್ರಮ್ ಪೂರ್ತಿ ಬಿಚ್ಚಿಯೇ ಬಳಸಬೇಕು. ಡ್ರಮ್ ಮೇಲೆ ಎರಡು ವ್ಯಾಟ್ ಅಂಕಿ ಇರುತ್ತವೆ, ಸುತ್ತಿದ್ದಾಗಿನದು ಬಹಳ ಕಡಿಮೆ. ಸುತ್ತಿಟ್ಟೇ ಕಟರ್ ಓಡಿಸಿದರೆ ಒಳಸುತ್ತಿನ ಇನ್ಸುಲೇಷನ್ ಮೆತ್ತಗಾಗಿ ಶಾರ್ಟ್ ಆಗುತ್ತದೆ. ಪ್ಲಗ್ ಇಲ್ಲದೆ ಬರಿಯ ತಂತಿ ಸಾಕೆಟ್‌ಗೆ ತುರುಕುವುದು ಕಂಡರೆ ಆ ಲೈನ್ ಕತ್ತರಿಸಿ, ಚರ್ಚೆ ಬೇಡ. ಹ್ಯಾಲೊಜೆನ್ ಫ್ಲಡ್‌ಲೈಟ್ ಪಟ್ಟಿಯಿಂದಲೇ ತೆಗೆದು ಎಲ್‌ಇಡಿ ಎಂದು ಬರೆಯಿರಿ. ರಾತ್ರಿ ಮುಖ್ಯ ಸ್ವಿಚ್ ಆರಿಸಿದವರ ಹೆಸರು ರಿಜಿಸ್ಟರ್‌ನಲ್ಲಿರಲಿ. ಮೆಟ್ಟಿಲ ದೀಪ, ಫೈರ್ ಪಂಪ್, ಅಲಾರಂ ಬೇರೆ ಸರ್ಕ್ಯೂಟ್‌ನಲ್ಲಿರಬೇಕು, ಇಲ್ಲದಿದ್ದರೆ ಅವೂ ಜೊತೆಗೆ ಆರುತ್ತವೆ.

ವಾಟರ್‌ಪ್ರೂಫಿಂಗ್ ಗುತ್ತಿಗೆದಾರ: ಟಾರ್ಚ್‌ನಿಂದ ಕಾಯಿಸಿ ಹಚ್ಚುವ ಮೆಂಬ್ರೇನ್ (ನೀರು ತಡೆಯುವ ಹಾಳೆ) ಬದಲು ಅಂಟಿಸುವ ಮೆಂಬ್ರೇನ್ ಒಪ್ಪಿಸಲು ನೋಡಿ. ಉರಿಯೇ ಇಲ್ಲದಿದ್ದರೆ ಕಾವಲೂ ಬೇಡ. ಟಾರ್ಚ್ ತಪ್ಪದಿದ್ದರೆ ಮರದ ಚೌಕಟ್ಟು, ಇನ್ಸುಲೇಷನ್ ಇರುವ ಅಂಚಿಗೆ ನೇರ ಜ್ವಾಲೆ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಬೇಸ್‌ಮೆಂಟ್‌ನಲ್ಲಿ ಸಿಲಿಂಡರ್ ಇಡಬಾರದು. ಬಿಟುಮೆನ್ ಹತ್ತಿಕೊಂಡರೆ ನೀರು ಸುರಿಯಬೇಡಿ, ಉಕ್ಕಿ ಹರಡುತ್ತದೆ. ಮುಚ್ಚಳ ಹಾಕಿ ಬರ್ನರ್ ಆರಿಸಿ.

ಪ್ರಶ್ನೆ ಕೇಳಿದವರು: ಉಪಯುಕ್ತ. ಎಕ್ಸ್‌ಟಿಂಗ್ವಿಷರ್ ಎಷ್ಟು? ಪ್ರತಿ ಮಹಡಿಗೆ ಎರಡು ಸಾಕೇ?

ಪ್ರಾಜೆಕ್ಟ್ ಎಂಜಿನಿಯರ್: ಮಹಡಿ ಲೆಕ್ಕ ಬೇಡ, ನಡೆಯುವ ದೂರದ ಲೆಕ್ಕ ಹಾಕಿ. ಅಮೆರಿಕದ ಓಶಾ (ಕೆಲಸದ ಸುರಕ್ಷತೆಯ ಸರ್ಕಾರಿ ಸಂಸ್ಥೆ) ನಿಯಮದಲ್ಲಿ 280 ಚದರ ಮೀಟರ್‌ಗೆ 2ಎ ರೇಟಿಂಗ್‌ನ (ಎ ಎಂದರೆ ಮರ, ಬಟ್ಟೆಯಂಥ ಬೆಂಕಿಗೆ) ಒಂದು, ಎಲ್ಲಿಂದಲೂ 30 ಮೀಟರ್ ಒಳಗೆ. ಸುಮಾರು 19 ಲೀಟರ್‌ಗಿಂತ ಹೆಚ್ಚು ಥಿನ್ನರ್, ಪೆಟ್ರೋಲ್ ಇರುವಲ್ಲಿ 15 ಮೀಟರ್ ಒಳಗೆ 10ಬಿ (ಬಿ ಎಂದರೆ ದ್ರವದ ಬೆಂಕಿಗೆ) ಒಂದು. ನಿಮ್ಮ ಸ್ಥಳೀಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ನಡೆಯುತ್ತದೆ. ಹಾಟ್ ವರ್ಕ್‌ಗೆ ಬೇಕಾದ್ದನ್ನು ಆ ತಂಡವೇ ತರಬೇಕು, ಗೋಡೆಯದನ್ನು ಕಿತ್ತು ಒಯ್ಯುವಂತಿಲ್ಲ. ಮರ, ಬಟ್ಟೆಯ ಬೆಂಕಿಗೆ ಸಿಒ2 (ಕಾರ್ಬನ್ ಡೈಆಕ್ಸೈಡ್) ಎಕ್ಸ್‌ಟಿಂಗ್ವಿಷರ್ ನಂಬಬೇಡಿ. ಉರಿ ಆರಿದಂತೆ ಕಂಡರೂ ಕೆಂಡ ತಣಿಯುವುದಿಲ್ಲ, ಮತ್ತೆ ಹತ್ತುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ ನೀರು. ಕಟ್ಟಡ 12 ಮೀಟರ್ ದಾಟುವ ಮೊದಲೇ ಒಂದು ರೈಸರ್ (ಬೆಂಕಿ ಆರಿಸುವ ನೀರನ್ನು ಮಹಡಿಗಳಿಗೆ ಏರಿಸುವ ಪೈಪ್) ಚಾಲೂ ಇರಬೇಕು, ಮುಂದೆ ಸ್ಲ್ಯಾಬ್ ಏರಿದಂತೆ ಒಂದು ಮಹಡಿಗಿಂತ ಹೆಚ್ಚು ಹಿಂದುಳಿಯದೆ ಅದೂ ಏರಬೇಕು. ಏಳನೇ ಸ್ಲ್ಯಾಬ್ ಮುಗಿದಿದೆ ಎಂದಿರಿ. ರೈಸರ್ ಇನ್ನೂ ಇಲ್ಲವೆಂದರೆ ಸಬ್ ಕಾಂಟ್ರಾಕ್ಟರ್‌ಗಳ ಸಹಿಗೂ ಮೊದಲು ನಿಮ್ಮ ಕೆಲಸವೇ ಬಾಕಿ ಇದೆ.

ಸುರಕ್ಷತಾ ಅಧಿಕಾರಿ: ಇನ್ನೆರಡು. ಹೊರಗಿನ ಬಲೆ, ಫೋಮ್ ಇನ್ಸುಲೇಷನ್ ಖರೀದಿಸುವಾಗ ಬೆಂಕಿ ನಿರೋಧಕ ಪರೀಕ್ಷಾ ವರದಿ ಕೇಳಿ. 2010ರಲ್ಲಿ ಶಾಂಘೈನ 28 ಮಹಡಿಯ ಕಟ್ಟಡದ ನವೀಕರಣದಲ್ಲಿ ವೆಲ್ಡಿಂಗ್ ಕಿಡಿಯಿಂದ ಶುರುವಾದ ಬೆಂಕಿಯನ್ನು ನೈಲಾನ್ ಬಲೆ, ಪಾಲಿಯುರೆಥೇನ್ ಫೋಮ್ ಹೊರಮೈಯಿಡೀ ಹಬ್ಬಿಸಿದವು. 58 ಜನ ಸತ್ತರು.

ಎರಡನೆಯದು, ಆ ದಿನದ ಎಲ್ಲ ಪರ್ಮಿಟ್‌ಗಳ ಒಂದೊಂದು ನಕಲು ರಾತ್ರಿಯ ಕಾವಲುಗಾರನಿಗೆ ಹೋಗಲಿ. ಯಾವ ಮಹಡಿ, ಯಾವ ಮೂಲೆ, ಎಷ್ಟು ಗಂಟೆಗೆ ಮುಗಿಯಿತು ಎಂಬುದು ಗೊತ್ತಿದ್ದರೆ ಅವನು ಮೊದಲ ಸುತ್ತು ಅಲ್ಲಿಂದಲೇ ಹೊಡೆಯುತ್ತಾನೆ. ಅಗ್ನಿಶಾಮಕದ ನಂಬರ್ ಮತ್ತು ಯಾವ ಗೇಟಿನಿಂದ ಗಾಡಿ ಒಳಗೆ ಬರಬೇಕು ಎಂಬುದನ್ನೂ ಅದೇ ಹಾಳೆಯ ಮೇಲೆ ಅವನಿಗೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ.