‘ಆರಣ್ಯಕ’ ಬರೆದವರು ನಿಜವಾಗಿಯೂ ಕಾಡು ಕಡಿಸಿದ್ದರಾ?

ಮುಳಬಾಗಿಲು ತಾತ:

ಎಲ್ಲರಿಗೂ ನಮಸ್ಕಾರ. ನಾನು ಜಾಸ್ತಿ ಓದಿದವನಲ್ಲ. ಬೆಂಗಳೂರಿನಲ್ಲಿರುವ ಮಗಳು ಒಂದು ಬಂಗಾಳಿ ಕಾದಂಬರಿಯ ಇಂಗ್ಲಿಷ್ ಅನುವಾದ ತಂದಿದ್ದಳು. ಬಿಭೂತಿಭೂಷಣ ಬಂದ್ಯೋಪಾಧ್ಯಾಯ ಅವರ ‘ಆರಣ್ಯಕ’. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವಳು ಓದಿ ಓದಿ ಕನ್ನಡದಲ್ಲಿ ಹೇಳಿದಳು, ನಾನು ಅವರೆಕಾಯಿ ಸುಲಿಯುತ್ತಾ ಕೇಳಿದೆ. ನಾಲ್ಕು ಭಾನುವಾರ ಹಿಡಿಯಿತು.

ಕತೆ ಗೊತ್ತಿಲ್ಲದವರಿಗೆ ಒಂದು ಮಾತು. ಕಲ್ಕತ್ತದಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಸತ್ಯಚರಣನಿಗೆ ಬಿಹಾರದ ಕಡೆ ಒಬ್ಬ ಜಮೀನ್ದಾರರ ಕಾಡಿಗೆ ಮ್ಯಾನೇಜರ್ ಕೆಲಸ ಸಿಗುತ್ತದೆ. ಇಪ್ಪತ್ತು ಮೂವತ್ತು ಸಾವಿರ ಬಿಘಾ (ಬಿಘಾ ಅಂದರೆ ಆ ಕಡೆಯ ನೆಲದ ಅಳತೆ). ಅದನ್ನು ತುಂಡು ತುಂಡು ಮಾಡಿ ರೈತರಿಗೆ ಗೇಣಿಗೆ ಕೊಡುವುದೇ ಅವನ ಕೆಲಸ. ಮೊದಮೊದಲು ಅವನಿಗೆ ಓಡಿಹೋಗೋಣ ಅನಿಸುತ್ತದೆ. ಆಮೇಲೆ ಆ ಕಾಡು ಅವನನ್ನು ಬಿಡುವುದಿಲ್ಲ. ಆದರೂ ಸಂಬಳದ ಕೆಲಸ ಅಲ್ವಾ, ಕೊನೆಗೆ ಅವನ ಕೈಯಿಂದಲೇ ಕಾಡು ಮುಗಿದುಹೋಗುತ್ತದೆ.

ಅಲ್ಲಿಗೆ ಬಂದಾಗ ನನಗೆ ಸುಮ್ನೆ ಕೂರಲು ಆಗಲಿಲ್ಲ. 1980ರ ದಶಕದಲ್ಲಿ ನಮ್ಮ ಕೋಲಾರದ ಕಡೆ ಸಾಮಾಜಿಕ ಅರಣ್ಯ ಅಂತ ಗಿಡ ನೆಡಿಸುವ ಸರ್ಕಾರಿ ಯೋಜನೆ ಬಂತಲ್ಲ, ಆಗ ನಾನು ದಿನಗೂಲಿ. ಚೀಲಕ್ಕೆ ಮಣ್ಣು ತುಂಬಬೇಕು. ಮಳೆ ಬಿದ್ದ ಮೇಲೆ ಗುಂಡಿ ತೋಡಿ ನೀಲಗಿರಿ ಇಡಬೇಕು. ನಮ್ಮೂರ ಗೋಮಾಳದ ತಂಗಡಿ, ಬಂದರೆ, ಕಾರೆ ಗಿಡ ಎಲ್ಲ ಕಿತ್ತು ಸಾಲು ಹಿಡಿದೆವು. ಮೇಕೆ ಮೇಯಿಸುವ ಒಬ್ಬ ಅಜ್ಜಿ ಬಂದು ನಿಂತು, ‘ಇದರ ಸೊಪ್ಪು ಮೇಕೆ ತಿನ್ನುತ್ತೇನಪ್ಪಾ?’ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ತಿನ್ನುತ್ತೆ ಅಜ್ಜಿ ಅಂದುಬಿಟ್ಟೆ.

ಅದಕ್ಕೇ ಕೇಳುತ್ತಿದ್ದೇನೆ. ಪುಸ್ತಕ ಬರೆದ ಈ ಮನುಷ್ಯ ಆ ಕೆಲಸವನ್ನು ತಾನೇ ಮಾಡಿದ್ದನಾ, ಇಲ್ಲ ಕಲ್ಕತ್ತದಲ್ಲಿ ಕೂತು ಬರೆದದ್ದಾ?

ನಂದಿ ತಪ್ಪಲು:

ತಾತ, ಮಾಡಿದ್ದರು. ನಾನು ಚಿಕ್ಕಬಳ್ಳಾಪುರದವನು. ಬಿಭೂತಿಭೂಷಣರ ಪುಸ್ತಕಗಳ ಹುಚ್ಚು ನನಗೆ ಕಾಲೇಜಿನಿಂದಲೂ ಇದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಹುಟ್ಟಿದ್ದು 1894ರಲ್ಲಿ, ತಾಯಿಯ ತವರಲ್ಲಿ. ತಂದೆ ಮಹಾನಂದ ಸಂಸ್ಕೃತ ಬಲ್ಲವರು, ಊರೂರಿಗೆ ಹೋಗಿ ಪುರಾಣ ಹೇಳುತ್ತಿದ್ದರು. ನಮ್ಮ ಹರಿಕಥೆ ದಾಸರ ಥರ ಅಂದುಕೊಳ್ಳಿ. ಅಂಥ ಮನೆಯಲ್ಲಿ ಕತೆಗೆ ಬರವಿಲ್ಲ, ಕಾಸಿಗೆ ಬರ. ಬಿ.ಎ. ಮುಗಿಸಿ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾದರು. ಮೊದಲ ಹೆಂಡತಿ ಗೌರಿ ಮದುವೆಯಾದ ಸ್ವಲ್ಪ ಸಮಯಕ್ಕೇ ತೀರಿಹೋದಳು. ಎಷ್ಟೋ ವರ್ಷದ ಮೇಲೆ ಈಗಿನ ಜಾರ್ಖಂಡಿನ ಘಾಟ್‌ಶಿಲಾದ ಮನೆಗೆ ‘ಗೌರಿಕುಂಜ’ ಅಂತ ಹೆಸರಿಟ್ಟರು. 1950ರ ನವೆಂಬರ್ 1ರಂದು ತೀರಿಕೊಂಡಿದ್ದೂ ಅಲ್ಲೇ.

ಗೋರಕ್ಷಣೆಯ ಸಭೆಯೊಂದಕ್ಕೆ ಪ್ರಚಾರಕರಾಗಿ ಊರೂರು ಸುತ್ತಿದ್ದೂ ಉಂಟು. ಹೊಟ್ಟೆಪಾಡು. 1920ರ ದಶಕದ ನಡುವೆ ಕಲ್ಕತ್ತದ ಒಂದು ಶ್ರೀಮಂತ ಮನೆತನದ ಎಸ್ಟೇಟ್ ನೋಡಿಕೊಳ್ಳಲು ಬಿಹಾರದ ಭಾಗಲ್ಪುರಕ್ಕೆ ಹೋದರು. ಕುದುರೆ ಮೇಲೆ ಕಾಡು ಸುತ್ತುವ ಕೆಲಸ. ‘ಪಥೇರ್ ಪಾಂಚಾಲಿ’ ಕಾದಂಬರಿ ಬರೆದದ್ದು ಆ ದಿನಗಳಲ್ಲೇ. ಮೊದಲ ಪ್ರತಿಯಲ್ಲಿ ಕತೆಯ ಹುಡುಗ ಅಪುವಿನ ಅಕ್ಕ ದುರ್ಗಾ ಇರಲೇ ಇಲ್ಲವಂತೆ. ಭಾಗಲ್ಪುರದಲ್ಲಿ ತಲೆ ಕೆದರಿಕೊಂಡ ಒಬ್ಬ ಹುಡುಗಿಯನ್ನು ಕಂಡು, ಇವಳಿಲ್ಲದೆ ಕತೆ ಇಲ್ಲ ಅಂತ ಮತ್ತೆ ಮೊದಲಿಂದ ಬರೆದರಂತೆ. 1929ರಲ್ಲಿ ಪುಸ್ತಕವಾಯಿತು. ಸತ್ಯಜಿತ್ ರಾಯ್ ಮಾಡಿದ ಸಿನಿಮಾ ಮಾತ್ರ ನೋಡಿದವರಿಗೆ ಒಂದು ಮಾತು: ಸಿನಿಮಾ ಊರು ಬಿಡುವಲ್ಲಿಗೆ ನಿಲ್ಲುತ್ತದೆ, ಪುಸ್ತಕ ಕಾಶಿಗೆ ಹೋಗಿ ಇನ್ನೂ ಮುಂದೆ ನಡೆಯುತ್ತದೆ.

‘ಆರಣ್ಯಕ’ ಪುಸ್ತಕವಾಗಿದ್ದು 1939ರಲ್ಲಿ. ಕಾಡಿನ ಕೆಲಸ ಬಿಟ್ಟು ಸುಮಾರು ಹತ್ತು ವರ್ಷ ಆದಮೇಲೆ. ಆ ಕಾಲದ ದಿನಚರಿ ‘ಸ್ಮೃತಿರ್ ರೇಖಾ’ ಅಂತ ಬೇರೆ ಬಂದಿದೆ. ಹಾಗಂತ ಸತ್ಯಚರಣನೇ ಬಿಭೂತಿಭೂಷಣ ಅಂತ ಗೆರೆ ಎಳೆಯಬೇಡಿ. ಅದು ಕಾದಂಬರಿ.

ಪಾವಗಡ ಬಿಸಿಲು:

ನನಗೆ ಈ ಪುಸ್ತಕದ ಮೇಲೆ ಸ್ವಲ್ಪ ಕೋಪ ಇದೆ. ಸಂಬಳ ತಗೊಂಡು ಕಡಿಸುವುದು, ಆಮೇಲೆ ವನದೇವತೆಗಳೇ ಕ್ಷಮಿಸಿ ಅನ್ನುವುದು. ಇದು ಓದಿದವರ ಕಣ್ಣೀರು. ಪುಸ್ತಕದಲ್ಲೇ ನೋಡಿ, ನದಿ ಕೊಚ್ಚಿಕೊಂಡು ಹೋಗಿ ಮತ್ತೆ ಎದ್ದ ನೆಲ ಅದು. ಹಳೇ ಒಕ್ಕಲುಗಳು ತಮ್ಮ ಅಪ್ಪ ತಾತನ ಜಮೀನು ಕೇಳಿದರೆ ಕೊಡಲ್ಲ, ಹೊಸಬರಿಂದ ಜಾಸ್ತಿ ಕಾಸು ಬರುತ್ತೆ ಅಂತ. ಅದರ ಬಗ್ಗೆ ಮ್ಯಾನೇಜರ್ ಸಾಹೇಬರು ಅಷ್ಟು ಅಳಲ್ಲ. ಮರಕ್ಕೆ ಅಳುತ್ತಾರೆ. ನಮ್ಮ ಕಡೆ 13 ಸಾವಿರ ಎಕರೆ ಸೋಲಾರ್‌ಗೆ ಗೇಣಿಗೆ ಹೋಗಿದೆ. ಜಮೀನಿದ್ದವರಿಗೆ ಬಾಡಿಗೆ ಬಂತು, ಕೂಲಿಯವರಿಗೆ ಏನು ಬಂತು? ಕಾಡು ಹೋಯಿತು ಅಂತ ಬರೆಯುವವರು ಸಿಗುತ್ತಾರೆ, ಕೂಲಿ ಹೋಯಿತು ಅಂತ ಬರೆಯುವವರು ಕಮ್ಮಿ.

ಮುಳಬಾಗಿಲು ತಾತ:

ನಂದಿಯವರಿಗೆ ಥ್ಯಾಂಕ್ಸ್. ಕುದುರೆ ವಿಷಯ ಕೇಳಿ ಮಗಳಿಗೆ ಖುಷಿಯಾಯಿತು.

ಪಾವಗಡದವರೇ, ನಿಮ್ಮ ಕೋಪ ಸರಿ. ಆದರೆ ಕೂಲಿಯವರು ಆ ಪುಸ್ತಕದಲ್ಲಿ ಇಲ್ಲ ಅನ್ನಬೇಡಿ. ಸಿಪಾಯಿ ಮುನೇಶ್ವರ ಸಿಂಗ್ ಒಂದು ಕಬ್ಬಿಣದ ಬಾಣಲೆ ಕೇಳುತ್ತಾನಲ್ಲ? ಅದೊಂದಿದ್ದರೆ ಅಡುಗೆಯೂ ಆಯಿತು, ಉಣ್ಣಲೂ ಆಯಿತು ಅಂತ ಎಷ್ಟೋ ದಿನದಿಂದ ಆಸೆ ಪಟ್ಟಿರುತ್ತಾನೆ. ಅನ್ನ ಸಿಗುತ್ತೆ ಅಂತ ಗೊತ್ತಾದರೆ ಸಾಕು, ಜನ ಚಳಿಯಲ್ಲಿ ಎಷ್ಟೋ ದೂರದಿಂದ ನಡೆದು ಬರುತ್ತಾರೆ. ನಮ್ಮಮ್ಮನೂ ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೇ. ಮಿಕ್ಕ ದಿನ ಮುದ್ದೆ. ಆ ಪುಟ ಬಂದಾಗ ಮಗಳಿಗೆ ಇನ್ನೊಂದು ಸಲ ಓದು ಅಂದೆ.

ನನಗೆ ಹಿಡಿಸಿದ್ದು ಜುಗಲ್‌ಪ್ರಸಾದ. ಎಲ್ಲಿಂದಲೋ ಹೂವಿನ ಬೀಜ, ಬಳ್ಳಿ ತಂದು ಕಾಡಿನೊಳಗಿನ ಸರಸ್ವತಿ ಕುಂಡಿ ಅನ್ನೋ ಕೊಳದ ದಡದಲ್ಲಿ ನೆಡುತ್ತಾನೆ. ನೆಲ ಅವನದಲ್ಲ, ಕಾಸೂ ಇಲ್ಲ. ನಾನೂ ಒಂದು ಸಲ ಹೊಂಗೆ ಬೀಜ ತಂದು ಸಸಿ ಮಾಡಿ ಕದ್ದು ಕೆರೆ ಏರಿ ಮೇಲೆ ಇಟ್ಟಿದ್ದೆ. ಲೆಕ್ಕಕ್ಕೆ ನೀಲಗಿರಿ ಮಾತ್ರ ಬೇಕಿತ್ತು, ಮೇಲಿನವರು ಬೈದರು. ಆರು ಉಳಿದಿವೆ. 2017ರಲ್ಲಿ ಸರ್ಕಾರ ಇನ್ನು ನೀಲಗಿರಿ ನೆಡಬೇಡಿ ಅಂದಾಗ ಆ ಹೊಂಗೆ ಕೆಳಗೇ ಕೂತು ಪೇಪರ್ ಓದಿದೆ. ಗೋಮಾಳದ ನೀಲಗಿರಿ ಕಡಿದಷ್ಟೂ ಚಿಗುರುತ್ತಿದೆ.

ಅಜ್ಜಿ ಎರಡು ವರ್ಷದಲ್ಲಿ ಮೇಕೆ ಮಾರಿದಳು. ಮತ್ತೆ ನನ್ನನ್ನು ಏನೂ ಕೇಳಲಿಲ್ಲ.

ಇವರದೇ ಮುಂದೆ ಯಾವುದು ಓದಿಸಲಿ? ಕಾಡು ಸಾಕು ಅನಿಸಿದೆ.

ಬಂಗಾರಪೇಟೆ ಜಂಕ್ಷನ್:

‘ಆದರ್ಶ ಹಿಂದೂ ಹೋಟೆಲ್’. ಕಣ್ಣು ಮುಚ್ಚಿ ತಗೊಳ್ಳಿ. ಬಂಗಾಳದ ರಾಣಾಘಾಟ್ ರೈಲ್ವೆ ಸ್ಟೇಷನ್ ಪಕ್ಕ ಒಂದು ಊಟದ ಹೋಟೆಲ್, ಅಲ್ಲಿ ಹಾಜಾರಿ ಅನ್ನೋ ಅಡುಗೆ ಭಟ್ಟ. ಕೈರುಚಿ ಅವನದು, ಹೆಸರು ಮಾಲೀಕನದು. ಜೊತೆಗೆ ಪದ್ಮಾ ಅನ್ನೋ ಕೆಲಸದವಳು ಅವನನ್ನು ಗೋಳು ಹುಯ್ದುಕೊಳ್ಳುತ್ತಾಳೆ. ಬಿಡುವು ಸಿಕ್ಕಾಗ ಚೂರ್ಣಿ ನದಿ ದಡದಲ್ಲಿ ಕೂತು, ನನ್ನದೇ ಹೋಟೆಲ್ ಇದ್ದಿದ್ದರೆ ಅಂತ ಲೆಕ್ಕ ಹಾಕುತ್ತಿರುತ್ತಾನೆ. ನಮ್ಮ ಸ್ಟೇಷನ್ ರಸ್ತೆಯಲ್ಲೂ ಅಂಥವರನ್ನು ನೋಡಿದ್ದೇನೆ, ನದಿ ಮಾತ್ರ ಇಲ್ಲ. ಹೊಟ್ಟೆ ತುಂಬಿದ ಮೇಲೆ ಓದಿ. ಇಲ್ಲದಿದ್ದರೆ ಕಷ್ಟ.

ಮುಳಬಾಗಿಲು ತಾತ:

ಮಗಳಿಗೆ ಹೇಳಿದೆ. ಹುಡುಕುತ್ತಾಳಂತೆ. ಅವರೆ ಮುಗಿಯಿತು, ಇದನ್ನು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೇಳಬೇಕು.