ಅಪ್‌ಡೇಟ್: ರೋಟರಿ ಪಾಲಿಶರ್ ಬಿಟ್ಟೆ, ಡಿಎ ಪಾಲಿಶರ್ ತಗೊಂಡೆ

ಹೋದ ತಿಂಗಳು ಕೇಳಿದ್ದೆನಲ್ಲ, ಕಾರಿನ ಬಾನೆಟ್ ಮೇಲಿನ ಗೀರು ತೆಗೆಯೋಕೆ ರೋಟರಿ ಪಾಲಿಶರ್ (ಪ್ಯಾಡ್ ನಿಂತಲ್ಲೇ ಗಿರಗಿರ ತಿರುಗೋದು) ತಗೊಳ್ಳಲಾ, ಡಿಎ (ಡ್ಯುಯಲ್ ಆ್ಯಕ್ಷನ್, ತಿರುಗುತ್ತಲೇ ಅಲ್ಲಾಡೋದು) ತಗೊಳ್ಳಲಾ ಅಂತ? ಕೊನೆಗೆ 15 ಮಿಮೀ ಥ್ರೋ (ಪ್ಯಾಡ್ ಅಲ್ಲಾಡೋ ಸುತ್ತಿನ ಅಗಲ) ಇರೋ ಡಿಎ, 5 ಇಂಚಿನ ಪ್ಯಾಡ್ ತಂದೆ. ರೋಟರಿ ಬೇಗ ಕೆಲಸ ಮುಗಿಸುತ್ತೆ ನಿಜ, ಆದರೆ ಒಂದೇ ಕಡೆ ನಿಂತರೆ ಬಿಸಿಗೆ ಪೇಂಟ್ ಸುಟ್ಟುಬಿಡುತ್ತೆ. ನನ್ನಂಥ ಹೊಸಬರ ಕೈಗೆ ಅದು ಬೇಡ.

ಇಡೀ ಬಾನೆಟ್ ಉಜ್ಜೋ ಹುಚ್ಚನ್ನೂ ಬಿಟ್ಟೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದ್ರೆ ಕ್ಲಿಯರ್ ಕೋಟ್, ಇರೋದೇ ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅಂಗೈಯಗಲ ಜಾಗಕ್ಕೆ ಮಾತ್ರ 2000, ಆಮೇಲೆ 3000 ಗ್ರಿಟ್ ಸ್ಯಾಂಡ್‌ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ನಯ), ಸೋಪು ನೀರಲ್ಲಿ ನೆನೆಸಿ ಫೋಮ್ ಬ್ಲಾಕಿಗೆ ಸುತ್ತಿ ಉಜ್ಜಿದೆ. ಹಾಲಿನಂಥ ನೀರು ಇಳಿದಾಗ ಎದೆ ಧಸಕ್ಕೆಂದಿತು. ಬಿಳಿ ಬಂದರೆ ಅದು ಕ್ಲಿಯರ್ ಕೋಟಿನದ್ದೇ. ನನ್ನದು ಕೆಂಪು ಕಾರು, ಕೆಂಪು ಬಂದಿದ್ದರೆ ಬಣ್ಣದವರೆಗೂ ಉಜ್ಜಿಬಿಟ್ಟ ಹಾಗೆ, ಕಥೆ ಮುಗೀತಿತ್ತು. ಒರೆಸಿ ನೋಡಿದರೆ ಮಂಜು ಕವಿದ ಗಾಜು! ಮೈಕ್ರೋಫೈಬರ್ ಪ್ಯಾಡಿಗೆ ಕಾಂಪೌಂಡ್ (ಉಜ್ಜೋ ಪೇಸ್ಟ್) ಹಾಕಿ ನಿಧಾನಕ್ಕೆ ನಾಲ್ಕು ಸುತ್ತು ಓಡಿಸಿದ ಮೇಲೆ ಬಾನೆಟ್ಟಿನಲ್ಲಿ ಟ್ಯೂಬ್‌ಲೈಟಿನ ಗೆರೆ ನೆಟ್ಟಗೆ ಕಂಡಿತು.

ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಅಂದವರಿಗೆ ಥ್ಯಾಂಕ್ಸ್. ಒಂದು ಕಡೆ ಮರೆತೆ, ಅಲ್ಲಿ ಕಡಲೆ ಗಾತ್ರ ಪೇಂಟ್ ಎಗರಿಹೋಗಿದೆ. ಉಗುರಿಗೆ ತಡೆಯೋಷ್ಟು ಆಳದ ಒಂದು ಗೀರನ್ನ ಮುಟ್ಟದೆ ಹಾಗೇ ಬಿಟ್ಟಿದ್ದೀನಿ.